ಎಲ್ಲದಕ್ಕೂ ಕೊಕ್ಕೆ

"ಈ ಕೆಲಸಕ್ಕೆ ಬೇರೆಯವರನ್ನ ಕರೆಸಿದ್ರೆ ನನ್ನ ಅರ್ಧ ಮೀಸೆ ಬೋಳಿಸ್ಕೋತೀನಿ!" ವಿಜ್ಞಾನದ ಮೇಷ್ಟ್ರು ಕಾರು ಶೆಡ್ಡಿನ ನಟ್ಟನಡುವೆ ನಿಂತು ಘೋಷಿಸಿದರು. ಕೇಳಲು ಇದ್ದವಳು ಹೆಂಡತಿಯೊಬ್ಬಳೇ. ಉಳಿದಂತೆ ಪಂಕ್ಚರಾದ ಸೈಕಲ್ಲು, ಏಣಿ, ಗುದ್ದಲಿ, ಬಣ್ಣದ ಡಬ್ಬಿ, ಮತ್ತೆ "ಯಾವುದಕ್ಕಾದರೂ ಬೇಕಾಗುತ್ತೆ" ಎಂದು ಮೇಷ್ಟ್ರು ಮದುವೆಯಾದಾಗಿನಿಂದ ಕೂಡಿಟ್ಟ ಸಕಲ ಸಂಪತ್ತು. ಕಾರು ಮಾತ್ರ ಪಾಪ, ರಸ್ತೆಯಲ್ಲೇ ವಾಸ!

ಶೆಡ್ಡಿನ ನೆಲ ಖಾಲಿಯಾಗಲೇಬೇಕಿತ್ತು. ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆ ಸೇರಿದ್ದ ಮೇಷ್ಟ್ರ ಅತ್ತೆ ಭಾನುವಾರ ಗಾಲಿಕುರ್ಚಿಯಲ್ಲಿ ಬರುವವರಿದ್ದರು. ಮುಂಬಾಗಿಲಿಗೆ ಮೆಟ್ಟಿಲು. ಮೆಟ್ಟಿಲಿಲ್ಲದ ದಾರಿ ಶೆಡ್ಡಿನೊಳಗಿಂದ ಮಾತ್ರ. "ನನ್ನಿಂದ ಒಂಚೂರು ತೊಂದ್ರೆ ಅಂತ ಕಂಡ್ರೂ ಸೀದಾ ವೃದ್ಧಾಶ್ರಮಕ್ಕೆ ಹೋಗ್ತೀನಿ" ಎಂದು ಅವರು ಆಗಲೇ ಹೇಳಿಬಿಟ್ಟಿದ್ದರು. ಮೇಷ್ಟ್ರಿಗೆ ಅದೊಂದು ನುಂಗಲಾರದ ತುತ್ತು. ಮದುವೆಯ ಹೊಸದರಲ್ಲಿ ಟೈಫಾಯ್ಡ್ ಬಂದು ಮಲಗಿದ್ದಾಗ ಹಗಲು ರಾತ್ರಿ ಎನ್ನದೆ ತಮ್ಮನ್ನು ನೋಡಿಕೊಂಡ ಜೀವ ಅದು. ಆ ಋಣದ ಮಾತನ್ನು ಮೇಷ್ಟ್ರು ಯಾರ ಮುಂದೆಯೂ ಆಡಿರಲಿಲ್ಲ, ಹೆಂಡತಿಯ ಮುಂದಂತೂ ಇಲ್ಲವೇ ಇಲ್ಲ.

ಅದಕ್ಕೇ ಅಂಗಡಿಯಿಂದ ಅಡ್ಡಡ್ಡ ಸೀಳುಗಳಿರುವ ಹಲಗೆಗಳು ಬಂದಿದ್ದವು. ಗೋಡೆಗೆ ಹಲಗೆ, ಹಲಗೆಯ ಸೀಳಿಗೆ ಕೊಕ್ಕೆ, ಕೊಕ್ಕೆಗೆ ಸಾಮಾನು!

"ರೀ, ಹಲಗೆ ಹಿಂದೆ ಬಾಣದ ಗುರುತಿದೆ. ಅದು ಮೇಲಕ್ಕೆ ಬರ್ಬೇಕೇನೋ" ಎಂದಳು ಹೆಂಡತಿ.

"ಬಾಣ ಅಂದ್ರೆ ಬಲದ ದಿಕ್ಕು ಕಣೇ. ಭಾರ ಯಾವ ಕಡೆ ಎಳೆಯುತ್ತೆ?"

"ಕೆಳಗೆ."

"ಅಂದ್ಮೇಲೆ ಬಾಣ?"

"ನಿಮ್ಮ ಕ್ಲಾಸಲ್ಲಿ ಕೆಳಗೆ. ಇದು ಶೆಡ್ಡು."

"ಅಬ್ಬಬ್ಬಾ! ಎಲ್ಲದಕ್ಕೂ ಕೊಕ್ಕೆ ಹಾಕ್ಬೇಡ!"

"ಕೊಕ್ಕೆ ಹಾಕೋದೇ ನನ್ನ ಕಸುಬು" ಎಂದಳು ಹೆಂಡತಿ. ಅವಳು ಟೈಲರ್. ಊರವರ ಬಟ್ಟೆಗೆಲ್ಲ ಕೊಕ್ಕೆ ಹಾಕಿಯೇ ಹೆಸರು ಮಾಡಿದವಳು.

ಶನಿವಾರವಿಡೀ ಡ್ರಿಲ್ಲಿನ ಆರ್ಭಟ. ಬಾಣಗಳೆಲ್ಲ ಪಾತಾಳದ ಕಡೆಗೆ! ಭಾನುವಾರ ಬೆಳಿಗ್ಗೆ ಹೆಂಡತಿ ಅಮ್ಮನನ್ನು ಕರೆತರಲು ಹೊರಟಳು. ಮೇಷ್ಟ್ರು ಸಾಮಾನೆಲ್ಲ ನೇತುಹಾಕಿ, ನೆಲ ಗುಡಿಸಿ, ಸೊಂಟದ ಮೇಲೆ ಕೈಯಿಟ್ಟು ತಮ್ಮ ಸಾಮ್ರಾಜ್ಯವನ್ನು ನೋಡುತ್ತ ನಿಂತರು.

ಟಪ್ಪೆಂದು ಒಂದು ಕೊಕ್ಕೆ ಜಾರಿ ಗುದ್ದಲಿ ಬಿತ್ತು. ಅದನ್ನು ಎತ್ತಲು ಬಗ್ಗಿದರೆ ಬಣ್ಣದ ಡಬ್ಬಿ ಇಳಿದು ಬಂತು. ಮುಚ್ಚಳ ಹಾರಿ, ಬಿಳಿ ಬಣ್ಣ ಮೇಷ್ಟ್ರ ಬಲಗೆನ್ನೆ, ಮೀಸೆಯ ಮೇಲೆ ರಾಚಿತು! ಅಷ್ಟರಲ್ಲಿ ಏಣಿ ವಾಲಿತು. ಅದಕ್ಕೆ ಬೆನ್ನು ಕೊಟ್ಟರು. ಸೈಕಲ್ಲೂ ಕಳಚಿತು. ಅದಕ್ಕೆ ಎರಡೂ ಕೈ ಕೊಟ್ಟರು. ಇನ್ನು ಕೊಡಲು ಅವರ ಬಳಿ ಏನೂ ಉಳಿದಿರಲಿಲ್ಲ. ಅಲುಗಾಡಿದರೆ ಎಲ್ಲವೂ ದಾರಿಗೆ ಅಡ್ಡ. ಆಗಲೇ ಹೊರಗೆ ಕಾರಿನ ಹಾರ್ನ್!

ಗಾಲಿಕುರ್ಚಿ ತಳ್ಳುತ್ತ ಬಂದ ಹೆಂಡತಿ ನೋಡಿದಳು. ಏಣಿಗೂ ಸೈಕಲ್ಲಿಗೂ ನಡುವೆ ಗಂಡ. ಬಿಳಿ ಬಣ್ಣದಡಿ ಬಲಭಾಗದ ಅರ್ಧ ಮೀಸೆಯೇ ಮಾಯ!

"ಇಡೀ ಗೋಡೆಯಲ್ಲಿ ಗಟ್ಟಿಯಾಗಿ ನಿಂತಿರೋ ಕೊಕ್ಕೆ ನೀವೊಬ್ರೇ" ಎಂದಳು.

ಅತ್ತೆಯ ಮುಖ ಚಿಕ್ಕದಾಯಿತು. "ನೋಡಿದ್ಯಾ, ನನ್ನಿಂದ ಅಳಿಯಂದ್ರಿಗೆ ಎಷ್ಟು ತೊಂದ್ರೆ. ಕಾರು ತಿರುಗಿಸಮ್ಮ, ನಾನು ಆಶ್ರಮಕ್ಕೇ..."

"ಅತ್ತೆ!" ಮೇಷ್ಟ್ರು ಕೂಗಿದರು. "ಜ್ವರದಲ್ಲಿ ನನಗೆ ಎದ್ದು ಕೂರೋಕೂ ಆಗದೇ ಇದ್ದಾಗ ನೀವು ನನ್ನ ಹಿಡ್ಕೊಂಡು ಕೂತಿರ್ಲಿಲ್ವಾ? ಆಗ ನಿಮಗೆ ತೊಂದ್ರೆ ಆಯ್ತಾ?"

"ಮಗನಿಗೆ ಮಾಡೋದ್ರಲ್ಲಿ ತೊಂದ್ರೆ ಎಲ್ಲಿಂದ ಬಂತಪ್ಪಾ?"

"ಮತ್ತೆ? ಮಗ ಒಂದು ಏಣಿ ಹಿಡ್ಕೊಂಡ್ರೆ ಮಾತ್ರ ತೊಂದ್ರೆನಾ? ನೀವು ಒಳಗೆ ಹೋಗೋವರೆಗೂ ನಾನು ಇದನ್ನ ಬಿಡಲ್ಲ!"

ಅತ್ತೆ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡರು. "ಹಾಗಾದ್ರೆ ಬೇಗ ತಳ್ಳೇ, ಪಾಪ ಹುಡುಗನ ಕೈ ಸೋತಿರುತ್ತೆ."

ಕುರ್ಚಿ ಹೊಸಿಲು ದಾಟಿತು. ಮೇಷ್ಟ್ರು ಪಕ್ಕಕ್ಕೆ ಜಿಗಿದರು. ಮುಂದಿನ ಸದ್ದಿಗೆ ಬೀದಿಯವರೆಲ್ಲ ಕಿಟಕಿ ತೆರೆದರು.

ಮಧ್ಯಾಹ್ನ ಹೆಂಡತಿ ಒಂದು ಹಲಗೆ ಬಿಚ್ಚಿ ತಲೆಕೆಳಗು ಮಾಡಿದಳು, ಅಂದರೆ ನೆಟ್ಟಗೆ ಮಾಡಿದಳು. ಬಾಣ ಮೇಲಕ್ಕೆ. ಸೀಳಿಗೆ ಸಿಕ್ಕಿಸಿದ ಕೊಕ್ಕೆ ಕಟ್ಟೆಂದು ಕಚ್ಚಿಕೊಂಡಿತು. ಸೈಕಲ್ಲನ್ನೇ ತೂಗುಹಾಕಿದಳು. ಜಗ್ಗಲಿಲ್ಲ! ಒಳಗಿನಿಂದ ಅತ್ತೆಯ ನಗು ಕೇಳಿಸುತ್ತಿತ್ತು. ಈ ಮನೆಯಲ್ಲಿ ಅದು ಕೇಳಿಸುತ್ತಿದೆಯಲ್ಲ, ಅಷ್ಟು ಸಾಕು ಎಂದುಕೊಂಡರು ಮೇಷ್ಟ್ರು.

ಹೆಂಡತಿ ಉಳಿದ ಹಲಗೆಗಳ ಕಡೆ ಕೈ ತೋರಿಸಿದಳು. "ಈಗ ಹೇಳಿ. ಕೊಕ್ಕೆ ಹಾಕ್ಲೋ, ಬೇಡ್ವೋ?"

ಮೇಷ್ಟ್ರು ಎರಡೂ ಕೈ ಜೋಡಿಸಿದರು.

"ಹಾಕು ತಾಯಿ. ಎಲ್ಲದಕ್ಕೂ ಹಾಕು!"