ಗಾಜಿನ ಗೋಡೆಯ ಗುಮಾಸ್ತೆ

ಕಿವಿ ಕೇಳದ ಮಕ್ಕಳಿಗೆ ಶ್ರವಣ ಸಾಧನ ಒದಗಿಸುವ ಸಂಸ್ಥೆಯ ದಾನಿಗಳ ಸರಾಸರಿ ವಯಸ್ಸು ಎಪ್ಪತ್ತೊಂಬತ್ತು ಎಂಬುದನ್ನು ವಾರ್ಷಿಕ ಮಹಾಸಭೆ ಗಂಭೀರವಾಗಿ ಗಮನಿಸಿತು. ಸಭೆ ಮುಗಿಯುವಷ್ಟರಲ್ಲಿ ಅದು ಎಪ್ಪತ್ತೆಂಟಕ್ಕೆ ಇಳಿಯಿತು. ಅತಿ ಹಿರಿಯ ದಾನಿಯೊಬ್ಬರು ತೀರಿಕೊಂಡ ಸುದ್ದಿ ಫೋನಿನಲ್ಲಿ ಬಂದಿತ್ತು. ಎರಡು ನಿಮಿಷ ಮೌನ ಆಚರಿಸಿ, ಇಳಿಕೆಯನ್ನು ಪ್ರಗತಿಯೆಂದು ನಡಾವಳಿ ಪುಸ್ತಕದಲ್ಲಿ ದಾಖಲಿಸಲಾಯಿತು.

ದಾಖಲಿಸಿದವಳು ಗುಮಾಸ್ತೆ. ಇಪ್ಪತ್ತೆರಡು ವರ್ಷದಿಂದ ಆ ಕಚೇರಿಯಲ್ಲಿ ಪತ್ರ ಬರೆಯುವವಳೂ ಅವಳೇ, ಬೀರುವಿನ ಬೀಗ ತೆಗೆಯುವವಳೂ ಅವಳೇ, ನಲ್ಲಿ ಸೋರಿದರೆ ಪ್ಲಂಬರಿಗೆ ಗೋಗರೆಯುವವಳೂ ಅವಳೇ. ಅವಳ ತಲೆಯ ಮೇಲಿನ ಫ್ಯಾನು ಎರಡು ಬೇಸಿಗೆಯಿಂದ ತಿರುಗಿರಲಿಲ್ಲ. ದುರಸ್ತಿ ಅರ್ಜಿ ಪರಿಶೀಲನೆಯಲ್ಲಿತ್ತು.

ಕೂಡಲೇ ‘ಯುವ ದಾನಿಗಳ ಆಕರ್ಷಣಾ ಉಪಸಮಿತಿ’ ರಚನೆಯಾಯಿತು. ಅದರ ಅತಿ ಕಿರಿಯ ಸದಸ್ಯರಿಗೆ ಅರವತ್ತೆಂಟು. ಯುವಜನರು ಏನು ಬಯಸುತ್ತಾರೆಂಬುದು ಮೂರು ಸಭೆಗಳಾದರೂ ಬಗೆಹರಿಯದಿದ್ದಾಗ ಅಧ್ಯಕ್ಷರು ಗುಮಾಸ್ತೆಯ ಕಡೆ ತಿರುಗಿದರು.

“ಏನಮ್ಮಾ, ನಿಮ್ಮನೇಲಿ ಯುವಜನತೆ ಇದೆಯಾ?”

“ಒಬ್ಬಳು ಮಗಳಿದ್ದಾಳೆ ಸಾರ್. ಕಾಲೇಜಿಗೆ ಹೋಗ್ತಾಳೆ.”

“ಸೋಮವಾರ ಹನ್ನೊಂದಕ್ಕೆ ಹಾಜರುಪಡಿಸಿ.”

ಹಾಜರುಪಡಿಸಲಾಯಿತು. ಮಗಳು ಕುರ್ಚಿಯ ತುದಿಯಲ್ಲಿ ಕೂತು, ಅಷ್ಟೂ ಕನ್ನಡಕಗಳನ್ನು ಒಮ್ಮೆ ನೋಡಿ, ಇದ್ದದ್ದನ್ನು ಇದ್ದಹಾಗೆ ಹೇಳಿಬಿಟ್ಟಳು: “ನಾವೂ ಕೊಡ್ತೀವಿ ಅಂಕಲ್. ಕೊಟ್ಟಿದ್ದು ಎಲ್ಲಿಗೆ ಹೋಗ್ತದೆ ಅಂತ ಕಾಣಿಸ್ಬೇಕು ಅಷ್ಟೆ. ಪಾರದರ್ಶಕತೆ ಇರ್ಬೇಕು.”

ಖಜಾಂಚಿಗಳಿಗೆ ಕೆಮ್ಮು ಬಂತು. ಅಧ್ಯಕ್ಷರು ಮಾತ್ರ ಎದೆಗುಂದಲಿಲ್ಲ. ಹದಿನೈದು ದಿನದೊಳಗೆ ರಸ್ತೆ ಕಡೆಯ ಗೋಡೆ ಒಡೆಸಿ, ನೆಲದಿಂದ ಸೂರಿನವರೆಗೆ ಗಾಜು ಹಾಕಿಸಿದರು. ವೆಚ್ಚವನ್ನು ಶ್ರವಣ ಸಾಧನಗಳ ಬ್ಯಾಟರಿ ಬಾಬ್ತಿನಿಂದ ಭರಿಸಲಾಯಿತು. ಬ್ಯಾಟರಿಯಿಲ್ಲದ ನಲವತ್ತು ಸಾಧನಗಳು ಬೀರುವಿನಲ್ಲಿ ಭದ್ರವಾಗಿದ್ದವು.

“ಅಮ್ಮಾ, ನಾನು ಹೇಳಿದ್ದು ಇದಲ್ಲ,” ಎಂದಳು ಮಗಳು.

“ಅವರಿಗೆ ಕೇಳಿಸಿದ್ದು ಇದೇ ಕಣೇ,” ಎಂದಳು ತಾಯಿ.

ಯುವಜನರು ನಿಜಕ್ಕೂ ಬಂದರು. ಬಸ್ಸಿಗೆ ಕಾಯುವವರು, ಕಾಲೇಜು ಬಿಟ್ಟವರು ಗಾಜಿಗೆ ಮೂಗು ಒತ್ತಿ ನಿಂತರು. ಒಳಗೆ ಅವರಿಗೆ ಕಂಡದ್ದು ನಿಂತ ಫ್ಯಾನಿನ ಕೆಳಗೆ, ಕಡತಗಳ ನಡುವೆ ಬೆವರುತ್ತ ಕೂತ ಒಬ್ಬ ಹೆಂಗಸು. ಯಾರೋ ವಿಡಿಯೊ ಮಾಡಿ ‘ಈ ಅಮ್ಮನಿಗೆ ಗಾಳಿ ಕೊಡಿ’ ಎಂದು ಹಾಕಿದರು. ನಾಲ್ಕೇ ದಿನದಲ್ಲಿ ಸಂಸ್ಥೆಯ ಇತಿಹಾಸದಲ್ಲೇ ಕಾಣದಷ್ಟು ದೇಣಿಗೆ ಹರಿದುಬಂತು.

ಗುಮಾಸ್ತೆಗೆ ಜೀವ ಬಂದ ಹಾಗಾಯಿತು. “ಸಾರ್, ಈಗಲಾದ್ರೂ ಫ್ಯಾನು ರಿಪೇರಿ ಮಾಡಿಸಿ, ಬ್ಯಾಟರಿ ತರಿಸೋಣ.”

“ಫ್ಯಾನು ತಿರುಗಿದ್ರೆ ಯಾರಮ್ಮಾ ಕೊಡ್ತಾರೆ?” ಅಧ್ಯಕ್ಷರು ನೊಂದುಕೊಂಡರು. “ಇಷ್ಟು ವರ್ಷ ಇದ್ದೀರಿ, ಸಂಸ್ಥೆ ಮೇಲೆ ಸ್ವಲ್ಪನೂ ಅಭಿಮಾನ ಬೇಡ್ವಾ?”

ಮರುದಿನ ಸುತ್ತೋಲೆ ಹೊರಟಿತು:

“ಸಂಸ್ಥೆಯ ಧ್ಯೇಯೋದ್ದೇಶಗಳಿಗೆ ತಿದ್ದುಪಡಿ ತರಲಾಗಿದ್ದು, ಇನ್ನು ಮುಂದೆ ಗುಮಾಸ್ತೆಯವರೇ ಏಕೈಕ ಫಲಾನುಭವಿಯಾಗಿರತಕ್ಕದ್ದು. ಸದರಿಯವರು ಕಚೇರಿ ವೇಳೆಯಲ್ಲಿ ಹೊಸ ಸೀರೆ ಉಡುವುದು, ಗಾಜಿಗೆ ಬೆನ್ನು ಮಾಡುವುದು ಹಾಗೂ ಕಾರಣವಿಲ್ಲದೆ ನಗುವುದನ್ನು ನಿಷೇಧಿಸಿದೆ. ಫಲಾನುಭವಿಗೆ ಸಲ್ಲುವ ಫಲವನ್ನು ಸಮಿತಿಯು ಪ್ರತ್ಯೇಕವಾಗಿ ನಿರ್ಧರಿಸುವುದು.”

ಅದನ್ನು ಟೈಪು ಮಾಡಿದವಳೂ ಅವಳೇ. ಎರಡು ಕಾಗುಣಿತದ ತಪ್ಪು ತಿದ್ದಿ, ಸಹಿಗೆ ಇಟ್ಟಳು.

ಒಂದು ಗುರುವಾರ ಗಾಜಿನಾಚೆ ಹನ್ನೆರಡು ಮಕ್ಕಳು ಸಾಲಾಗಿ ನಿಂತರು, ಜೊತೆಗೆ ಅವರ ಟೀಚರು. ಕಿವುಡ ಮಕ್ಕಳ ಶಾಲೆಯವರು. ಒಬ್ಬಳು ಪುಟ್ಟ ಹುಡುಗಿ ಗುಮಾಸ್ತೆಯ ಕಡೆ ಬೆರಳು ತೋರಿಸಿ, ಅಂಗೈಯಲ್ಲಿ ಮುಖಕ್ಕೆ ಗಾಳಿ ಬೀಸಿಕೊಂಡಳು. ಉಳಿದವರು ತಲೆಯಾಡಿಸಿದರು. ಕೈಸನ್ನೆಯಲ್ಲೇ ಬಿರುಸಿನ ಚರ್ಚೆ ನಡೆಯಿತು.

ಟೀಚರು ಒಳಗೆ ಬಂದರು. “ಮಷೀನಿಗೆ ಬ್ಯಾಟರಿ ಬಂತಾ ಅಂತ ಕೇಳೋಕೆ ಬಂದ್ವಿ ಮೇಡಂ. ನಿಮ್ಮನ್ನ ನೋಡಿ ಮಕ್ಕಳಿಗೆ ಪಾಪ ಅನ್ನಿಸಿಬಿಡ್ತು. ಬಸ್ಸಿಗೆ ಇಟ್ಕೊಂಡಿದ್ದನ್ನ ಕೊಡ್ತಾರಂತೆ. ನಡ್ಕೊಂಡೇ ಹೋಗ್ತೀವಿ, ಮೂರೇ ಮೈಲಿ.”

ಗುಮಾಸ್ತೆ ಎದ್ದು ನಿಂತಳು. “ಬೇಡ ಟೀಚರ್. ನಾನು ಖಂಡಿತ ತಗೊಳ್ಳಲ್ಲ.”

“ಕೂತ್ಕೊಳ್ಳಿ,” ಅಧ್ಯಕ್ಷರು ಮೃದುವಾಗಿ ಹೇಳಿದರು. “ನಿರಾಕರಿಸೋ ಅಧಿಕಾರ ಫಲಾನುಭವಿಗೆ ಇಲ್ಲ.”

ಮಕ್ಕಳ ಅಂಗೈಯ ಬೆಚ್ಚಗಿನ ನಾಣ್ಯಗಳು ಮೇಜಿನ ಮೇಲೆ ಬಿದ್ದವು. ಫೋಟೊ ತೆಗೆಯಲಾಯಿತು. ಇಷ್ಟು ಎಳೆಯ ದಾನಿಗಳು ನಾಡಿನ ಯಾವ ಸಂಸ್ಥೆಗೂ ಸಿಕ್ಕಿಲ್ಲವೆಂದು ಅಧ್ಯಕ್ಷರು ಭಾಷಣ ಮಾಡಿದರು; ದಾನಿಗಳು ಅವರ ಮೀಸೆಯನ್ನೇ ನೋಡುತ್ತ ನಿಂತಿದ್ದರು. ಟೀಚರು ಚಪ್ಪಾಳೆ ತಟ್ಟಿದ್ದು ಕಂಡು ತಾವೂ ತಟ್ಟಿದರು.

ಗುಮಾಸ್ತೆ ಹನ್ನೆರಡು ರಸೀದಿ ಬರೆದಳು. ಕೊನೆಯದನ್ನು ಹರಿಯುವಾಗ ಅಕ್ಷರಗಳು ಮಸುಕಾದವು. ಸೆರಗಿಗೆ ಕೈ ಹಾಕಿದಳು.

“ಒರೆಸ್ಕೋಬೇಡಿ ಅಮ್ಮಾ, ಒರೆಸ್ಕೋಬೇಡಿ,” ಖಜಾಂಚಿಗಳು ಓಡಿ ಬಂದರು. “ಸ್ವಲ್ಪ ಹೊತ್ತು ಹಾಗೇ ಇರಿ. ಹೊರಗೆ ಎಂಜಿನಿಯರಿಂಗ್ ಕಾಲೇಜಿನವರು ಬಂದಿದ್ದಾರೆ.”

ಅವಳು ಸೆರಗು ಬಿಟ್ಟು, ಗಾಜಿನ ಕಡೆಗೆ ಮುಖ ಮಾಡಿ ಕೂತಳು.