ಭಾವನ ಮೊಸರನ್ನ ಮತ್ತು ಬೋರ್ಡೋದ ಬೆಂಚುಗಳು

ನಮ್ಮ ಭಾವ ಮೊಸರನ್ನ ತಿನ್ನಲು ವಿಮಾನ ನಿಲ್ದಾಣಕ್ಕೆ ಹೋಗುತ್ತಾರೆ. ನಗಬೇಡಿ, ನಿಜ! ಮನೆಯಲ್ಲಿ ಅನ್ನವಿಲ್ಲವೇ, ಮೊಸರಿಲ್ಲವೇ? ಎಲ್ಲ ಇದೆ. ಆದರೆ ಡಬ್ಲಿನ್ ವಿಮಾನ ನಿಲ್ದಾಣದ ಲೌಂಜಿನ ಮೆತ್ತನೆಯ ಕುರ್ಚಿಯಲ್ಲಿ ಕೂತು, ಗಾಜಿನಾಚೆ ವಿಮಾನಗಳು ತೆವಳುವುದನ್ನು ನೋಡುತ್ತಾ ಕಲಸಿಕೊಂಡರೆ ಮಾತ್ರ ಅದು ಗಂಟಲಲ್ಲಿ ಇಳಿಯುತ್ತದಂತೆ. ಲೌಂಜಿನೊಳಗೆ ಬಿಡಬೇಕಾದರೆ ಆ ದಿನದ ಟಿಕೆಟ್ ಇರಬೇಕು. ಟಿಕೆಟ್ ಇದ್ದ ಮೇಲೆ ವಿಮಾನ ಹತ್ತದೆ ಬಿಡಲಾಗುತ್ತದೆಯೇ? ಹೀಗೆ ಮೊಸರನ್ನದ ದೆಸೆಯಿಂದ ಅವರು ಅರ್ಧ ಯುರೋಪು ಸುತ್ತಿಬಿಟ್ಟಿದ್ದಾರೆ. ಒಂದು ವರ್ಷದ ಕಾಲ ನಮ್ಮ ಬಳಗವೆಲ್ಲ ನಂಬಿಕೊಂಡಿದ್ದ ಕಥೆ ಇದು.

ಭಾವ ಎಂದರೆ ನನ್ನ ಅಕ್ಕನ ಗಂಡ. ಬಳ್ಳಾರಿಯಲ್ಲಿ ಡಾಕ್ಟರಿಕೆ ಓದಿ, ಈಗ ಇಲ್ಲಿನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ತಜ್ಞರು. ಆಪರೇಷನ್ನಿಗೆ ಮುಂಚೆ ರೋಗಿಯನ್ನು ಮಲಗಿಸುವುದು ಅವರ ಕೆಲಸ. ಊಟದ ಮೇಜಿನಲ್ಲಿ ಅವರು ಮಾತು ಶುರು ಮಾಡಿದರೆ ಔಷಧವಿಲ್ಲದೆಯೇ ನಾವು ಮಲಗುತ್ತೇವೆ, ಅದು ಬೇರೆ ವಿಷಯ. ನನ್ನ ಮಗಳು ಮಾತ್ರ ಅವರ ಪಕ್ಷ. ಡಬ್ಲಿನ್ನಿನಲ್ಲೇ ಹುಟ್ಟಿದವಳು, ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಐರಿಷ್ ಧಾಟಿಯ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. "ದೊಡ್ಡಪ್ಪ ಈಸ್ ಗ್ಯಾಸ್, ಮಾಮ್!" ಎನ್ನುತ್ತಾಳೆ. ಗ್ಯಾಸ್ ಎಂದರೆ ಇಲ್ಲಿನವರ ಬಾಯಲ್ಲಿ ಬಲು ತಮಾಷೆಯ ಮನುಷ್ಯ ಎಂದರ್ಥ. ಮೊದಲ ಸಲ ಕೇಳಿದಾಗ ನಾನು ಅವರಿಗೆ ಜೀರಿಗೆ ನೀರು ಕಾಯಿಸಿ ಕೊಟ್ಟಿದ್ದೆ.

ಈ ತಿರುಗಾಟದ ಹುಚ್ಚು ಹಿಡಿದದ್ದು ಭಾವನಿಗೆ ಐರಿಷ್ ಪಾಸ್‌ಪೋರ್ಟ್ ಸಿಕ್ಕ ಮೇಲೆ. ಅದಕ್ಕೆ ಮುಂಚೆ ನಮ್ಮೆಲ್ಲರ ಪಾಡು ಏನು ಗೊತ್ತೇ? ಮನೆ ಇರುವುದು ಯುರೋಪಿನಲ್ಲಿ. ಆದರೆ ಭಾರತದ ಪಾಸ್‌ಪೋರ್ಟ್ ಹಿಡಿದು ಪಕ್ಕದ ಫ್ರಾನ್ಸಿಗೆ ಹೋಗಬೇಕೆಂದರೆ ಬೇರೆಯೇ ವೀಸಾ! ಮದುವೆ ಸರ್ಟಿಫಿಕೇಟಿನಿಂದ ಹಿಡಿದು ಮನೆಯ ಕರೆಂಟ್ ಬಿಲ್ಲಿನವರೆಗೆ ಎಲ್ಲ ಕಾಗದ ಹೊತ್ತುಕೊಂಡು ಹೋಗಿ ಕೈಕಟ್ಟಿ ನಿಲ್ಲಬೇಕು. ಕೆಂಪು ಪಾಸ್‌ಪೋರ್ಟ್ ಕೈಗೆ ಬಂದದ್ದೇ ತಡ, ಭಾವ ಕಣ್ಣಿ ಬಿಚ್ಚಿದ ಕರುವಾದರು. ಅವರ ಬ್ಯಾಂಕು ಯಾವುದೋ ಕಾರ್ಡ್ ಕೊಟ್ಟಿತ್ತು. ಅದನ್ನು ತೋರಿಸಿದರೆ ಲೌಂಜಿನೊಳಗೆ ಅವರನ್ನೂ ಜೊತೆಗೆ ಇನ್ನೊಬ್ಬರನ್ನೂ ಬಿಡುತ್ತಾರೆ. ಬುಧವಾರ ಅವರಿಗೆ ರಜೆ. ಬೆಳಿಗ್ಗೆ ಹೋಗುವುದು, ಸಂಜೆ ವಾಪಸ್ಸು. ಒಂದು ರಾತ್ರಿಯೂ ಹೊರಗೆ ತಂಗಿದವರಲ್ಲ. ಕೇಳಿದರೆ, "ನನಗೆ ನನ್ನ ದಿಂಬೇ ಆಗ್ಬೇಕಮ್ಮ" ಎನ್ನುತ್ತಿದ್ದರು.

ಅಕ್ಕ? ಅಕ್ಕ ಮನೆಯಲ್ಲಿ. ನನಗೆ ಮೈಯೆಲ್ಲ ಉರಿಯುತ್ತಿದ್ದದ್ದು ಇಲ್ಲಿಯೇ.

ನಮ್ಮಕ್ಕ ಹೇಗೆ ನಡೆಯುತ್ತಿದ್ದಳು ಅಂತೀರಿ! ಅವರ ಮನೆ ಇರುವುದು ಡನ್ ಲಿಯರಿಯಲ್ಲಿ. ಅಲ್ಲಿ ಸಮುದ್ರದೊಳಕ್ಕೆ ಚಾಚಿಕೊಂಡ ಉದ್ದನೆಯ ಕಲ್ಲಿನ ಕಟ್ಟೆಯಿದೆ, ಪಿಯರ್ ಎನ್ನುತ್ತಾರೆ. ಭಾನುವಾರ ಅಕ್ಕ ಅದರ ತುದಿ ಮುಟ್ಟಿ ವಾಪಸ್ ಬಂದರೂ ಭಾವ ಇನ್ನೂ ಬೂಟಿನ ದಾರ ಕಟ್ಟುತ್ತಿರುತ್ತಿದ್ದರು. ಅಂಥವಳು ಒಂದು ದಿನ ಒಗೆದ ಬಟ್ಟೆಯ ಬುಟ್ಟಿ ಹಿಡಿದು ಮೆಟ್ಟಿಲಿಳಿಯುವಾಗ ಜಾರಿ, ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಚೆನ್ನಾಗಿಯೇ ಆಯಿತು. ನಡೆಯಿರಿ, ಆಗಾಗ ಕೂತು ನಡೆಯಿರಿ ಎಂದರು ಡಾಕ್ಟರು. ಆದರೆ ಈ ಕೂರುವುದಿದೆಯಲ್ಲ, ಅದು ಅಕ್ಕನ ಜಾಯಮಾನಕ್ಕೇ ಬಂದಿದ್ದಲ್ಲ. ಒಂದು ಭಾನುವಾರ ಪಿಯರಿನ ಅರ್ಧದಲ್ಲಿ ಅವಳು ಕುಂಟುವುದನ್ನು ನೋಡಿ, ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡ ಅಜ್ಜಿಯೊಬ್ಬರು ಎದ್ದು ಬೆಂಚು ಬಿಟ್ಟುಕೊಟ್ಟರಂತೆ. ಅಕ್ಕ ಕೂರಲಿಲ್ಲ. ಹಲ್ಲು ಕಚ್ಚಿಕೊಂಡು ಮನೆಗೆ ಬಂದು ಬೂಟನ್ನು ಬೀರುವಿನಲ್ಲಿಟ್ಟಳು. ಆಮೇಲೆ ಹಿತ್ತಿಲು ದಾಟಲಿಲ್ಲ.

ಕರೆದರೆ ಚಳಿ ಎನ್ನುವಳು. ಜುಲೈನಲ್ಲಿ ಕರೆದರೆ ಬಿಸಿಲು ಎನ್ನುವಳು. ಐರ್ಲೆಂಡಿನಲ್ಲಿ ಬಿಸಿಲು! ಯುರೋಪಿನ ಮಾತೆತ್ತಿದರೆ, "ನನ್ ಪಾಸ್‌ಪೋರ್ಟಿಗೆ ವೀಸಾ ಬೇಕಲ್ವೇನೇ" ಎಂದು ಬಾಯಿ ಮುಚ್ಚಿಸುವಳು. ಪೌರತ್ವದ ಅವಳ ಅರ್ಜಿ ಇನ್ನೂ ಹಾದಿಯಲ್ಲಿತ್ತು. "ಪಿಯರಿಗೂ ವೀಸಾ ಬೇಕೇನಕ್ಕ?" ಎಂದು ಒಮ್ಮೆ ಕೇಳಿಬಿಟ್ಟೆ. ಎರಡು ದಿನ ಫೋನ್ ಎತ್ತಲಿಲ್ಲ. ಅವಳು ಹೀಗೇ ಮನೆಯೊಳಗೇ ಉಳಿದುಬಿಡುತ್ತಾಳೇನೋ ಎಂಬ ಭಯ ನನಗೆ. ಗಂಡನಾದವರು ಪಕ್ಕದಲ್ಲಿ ಕೂತು ಎರಡು ಮಾತು ಹೇಳುವುದು ಬಿಟ್ಟು, ಪ್ರತಿ ಬುಧವಾರ ಮೊಸರನ್ನಕ್ಕೆ ಹೋಗುತ್ತಾರಲ್ಲ!

ಹೋಗಿ ಬಂದವರು ಕಂಡದ್ದನ್ನಾದರೂ ಹೇಳುತ್ತಾರೆಯೇ? ಬ್ರಸೆಲ್ಸ್ ಹೇಗಿತ್ತು ಎಂದರೆ, "ಕಲ್ಲುಹಾಸು. ಒಂದು ಕಲ್ಲು ಇದ್ದಂಗೆ ಇನ್ನೊಂದಿಲ್ಲ." ಪೋರ್ಚುಗಲ್ಲಿನ ಪೋರ್ತೋ? "ಊರಲ್ಲಮ್ಮ ಅದು, ಬರೀ ಮೆಟ್ಟಿಲು." ಮಿಲಾನಿನ ಅಷ್ಟು ದೊಡ್ಡ ಚರ್ಚಿನ ಬಗ್ಗೆ ಕೇಳಿದರೆ, "ಅದರ ಮುಂದೆ ಕೂರೋಕೆ ಒರಗು ಇರೋ ಬೆಂಚೇ ಕಾಣ್ಲಿಲ್ಲ" ಎಂದರು. ದೇಶ ಸುತ್ತಿ ಬೆಂಚಿನ ಒರಗು ಹುಡುಕುವ ಮನುಷ್ಯನಿಗೆ ಏನೆನ್ನಬೇಕು?

ಕೊನೆಗೆ ಅಕ್ಕನೇ ಫೋನ್ ಮಾಡಿದಳು. "ಈ ಬುಧವಾರ ನೀನೂ ಜೊತೆಗೆ ಹೋಗೇ. ಈ ಮನುಷ್ಯ ಅಲ್ಲಿ ಏನ್ ಮಾಡ್ತಾರೆ ಅಂತ ನೋಡ್ಕೊಂಡು ಬಾ." ನನ್ನ ಬಳಿ ಆಗಲೇ ಕೆಂಪು ಪಾಸ್‌ಪೋರ್ಟ್ ಇತ್ತು. ಆಫೀಸಿಗೆ ರಜೆ ಹಾಕಿ, ಕ್ಲಾಂಡಾಲ್ಕಿನ್ನಿನ ನಮ್ಮ ಮನೆಯಿಂದ ಪತ್ತೇದಾರಿಕೆಗೆ ಹೊರಟೆ. ಹೋಗುವ ಊರು ಫ್ರಾನ್ಸಿನ ಬೋರ್ಡೋ. ನಮ್ಮ ಕಡೆ ದ್ರಾಕ್ಷಿ ತೋಟಕ್ಕೆ ಹೊಡೆಯುತ್ತಾರಲ್ಲ ಬೋರ್ಡೋ ದ್ರಾವಣ, ಅದು ಹುಟ್ಟಿದ್ದು ಅಲ್ಲೇ!

ಮೊದಲ ಪ್ರಸಂಗ ನಡೆದದ್ದು ಸೆಕ್ಯುರಿಟಿಯಲ್ಲಿ. ಲೌಂಜಿನಲ್ಲಿ ಅನ್ನ ಇರುತ್ತದೆ, ಮೊಸರು ಇರುತ್ತದೆ. ಒಗ್ಗರಣೆ ಎಲ್ಲಿಂದ ಬರಬೇಕು? ಅದನ್ನು ಭಾವ ಬೆಳಿಗ್ಗೆ ಎದ್ದು ತಾವೇ ಮಾಡಿ ತಂದಿದ್ದರು. ಯಾವುದರಲ್ಲಿ? ಮೂತ್ರ ಪರೀಕ್ಷೆಗೆಂದು ಕೊಡುತ್ತಾರಲ್ಲ ಬಿಳಿ ಮುಚ್ಚಳದ ಪುಟ್ಟ ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ! "ಹೊಸಾದು ಕಣಮ್ಮ, ನಾನೇ ಅಂಗಡೀಲಿ ತಂದಿದ್ದು. ಇದಕ್ಕಿಂತ ಶುದ್ಧವಾದ ಡಬ್ಬಿ ಪ್ರಪಂಚದಲ್ಲೇ ಇಲ್ಲ. ಒಂದ್ ತೊಟ್ಟೂ ಸೋರಲ್ಲ" ಎಂದು ನನಗೆ ಪಾಠ ಬೇರೆ. ಸೆಕ್ಯುರಿಟಿಯ ಯುವಕ ಡಬ್ಬಿಯನ್ನು ಎರಡು ಬೆರಳಲ್ಲಿ ಎತ್ತಿ, ಒಳಗಿನ ಹಳದಿ ದ್ರವವನ್ನು ಬೆಳಕಿಗೆ ಹಿಡಿದ. ಬಹಳ ಸಂಕೋಚದಿಂದ, "ಇದು ನಿಮ್ಮದೇನಾ, ಸರ್?" ಎಂದು ಕೇಳಿದ.

"ನನ್ನದೇ" ಎಂದರು ಭಾವ ಹೆಮ್ಮೆಯಿಂದ. "ಇವತ್ತು ಬೆಳಿಗ್ಗೆ ಮಾಡಿದ್ದು. ಫ್ರೆಶ್!"

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ಅನುಮಾನ ಬೇಡವೆಂದು ಭಾವ ಮುಚ್ಚಳವನ್ನೂ ತೆಗೆದು ಅವನ ಮೂಗಿಗೆ ಹಿಡಿದರು. ಇಂಗಿನ ಘಾಟಿಗೆ ಪಾಪ ಅವನು ಎರಡು ಹೆಜ್ಜೆ ಹಿಂದೆ ಸರಿದು, "ಗ್ರ್ಯಾಂಡ್, ಯು ಆರ್ ಗ್ರ್ಯಾಂಡ್, ಹೋಗಿ ಹೋಗಿ" ಎಂದ. ಇಲ್ಲಿನವರ ಗ್ರ್ಯಾಂಡ್ ಎಂದರೆ ಎಲ್ಲ ಸರಿಯಿದೆ ಎಂದಷ್ಟೇ.

ಲೌಂಜಿನಲ್ಲಿ ಭಾವನದು ಮದುವೆಮನೆಯ ಯಜಮಾನಿಕೆ. ಸಲಾಡಿನ ಸಾಲಿನಿಂದ ಅನ್ನ, ಹಣ್ಣಿನ ಸಾಲಿನಿಂದ ಮೊಸರು, ಮೇಲೆ ಡಬ್ಬಿಯ ಒಗ್ಗರಣೆ. ಎದುರಿಗೆ ಸೂಟು ಹಾಕಿದ ಒಬ್ಬರು ಲ್ಯಾಪ್‌ಟಾಪಿನಿಂದ ತಲೆಯೆತ್ತಿ ಗಾಳಿಯನ್ನು ಮೂಸತೊಡಗಿದರು. ಅಷ್ಟರಲ್ಲಿ ಟೀ ತಂದ ಐರಿಷ್ ಹೆಂಗಸು ಭಾವನ ಹೆಗಲು ತಟ್ಟಿ, "ಹೌ ಈಸ್ ಹರ್‌ಸೆಲ್ಫ್?" ಎಂದು ಕೇಳಿದಳು. ಇಲ್ಲಿನ ಹಳೆಯ ಕಾಲದವರು ಮನೆಯಾಕೆಯ ಬಗ್ಗೆ ಕೇಳುವುದು ಹಾಗೆ, ನಾವು 'ಮನೆಯವರು ಹೇಗಿದ್ದಾರೆ' ಎಂದ ಹಾಗೆ. "ಇವತ್ತೂ ಬರಲಿಲ್ಲವೇ?" ಎಂದೂ ಕೇಳಿದಳು. ಭಾವ, "ಬರ್ತಾಳೆ, ಬರ್ತಾಳೆ" ಎಂದು ತಟ್ಟೆ ನೋಡಿಕೊಂಡರು. ನನಗೆ ಇನ್ನೂ ರೇಗಿತು. ಟೀ ಕೊಡುವವಳ ಹತ್ತಿರ ಹೇಳಿಕೊಳ್ಳಲು ಬರುತ್ತದೆ, ಮನೆಯಲ್ಲಿ ಅಕ್ಕನನ್ನು ಒಂದು ಸಲ ಕರೆಯಲು ಬಾಯಿಲ್ಲವೇ?

ಬೋರ್ಡೋ ಚಂದದ ಊರು. ಅಂಗೈಯ ಹಾಗೆ ಸಪಾಟು. ಟ್ರಾಮಿನಿಂದ ಇಳಿದರೆ ಎದುರಿಗೇ ನದಿ. ದಡದಲ್ಲಿ ಕಲ್ಲು ಹಾಸಿದ ದೊಡ್ಡ ಬಯಲು. ಅದರ ಮೇಲೆ ಒಂದು ಬೆರಳು ನೀರು ನಿಲ್ಲಿಸಿದ್ದಾರೆ, ಆಕಾಶವೂ ಅರಮನೆಯಂಥ ಕಟ್ಟಡಗಳೂ ಅದರಲ್ಲಿ ತಲೆಕೆಳಗಾಗಿ ಕಾಣುತ್ತವೆ. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರೆ ಪಕ್ಕದಲ್ಲಿ ಭಾವನ ನರಳಾಟ ಕೇಳಿಸಿತು.

"ಅಯ್ಯಯ್ಯೋ... ಆಗಲ್ಲಮ್ಮ ನನ್ ಕೈಲಿ... ಮಂಡಿ ಹಿಡ್ಕೊಂಡ್ತು!" ಎನ್ನುತ್ತಾ ದಡದ ಬೆಂಚಿನ ಮೇಲೆ ಕುಸಿದರು. ನನ್ನ ಜೀವ ಬಾಯಿಗೆ ಬಂತು. "ಭಾವ, ನೀರು ಕೊಡ್ಲಾ? ಯಾರನ್ನಾದ್ರೂ ಕರೀಲಾ?"

ಅವರು ಒಂದು ಕಣ್ಣು ತೆರೆದು ಕೇಳಿದರು: "ಹೆಂಗಿತ್ತು?"

"ಏನ್ ಹೆಂಗಿತ್ತು?"

"ಏನಿಲ್ಲ ಬಿಡು" ಎಂದವರೇ ಚಂಗನೆ ಎದ್ದು, ಜೇಬಿನಿಂದ ಪುಟ್ಟ ನೋಟ್‌ಬುಕ್ ತೆಗೆದು, ಟ್ರಾಮಿನಿಂದ ಬೆಂಚಿಗೆ ಇನ್ನೂರ ಹತ್ತು ಹೆಜ್ಜೆ ಎಂದು ಬರೆದುಕೊಂಡರು. ಮುಂದಿನ ಬೆಂಚು ಬಂತು. ಮತ್ತೆ ಅಯ್ಯಯ್ಯೋ, ಮತ್ತೆ ಕುಸಿತ, ಮತ್ತೆ ನೋಟ್‌ಬುಕ್. ಮೂರನೆಯದರ ಹತ್ತಿರ ನನಗೆ ಸುಮ್ಮನಿರಲಾಗಲಿಲ್ಲ. "ಭಾವ, ಆಗ ಎಡಗಾಲಲ್ವಾ ನೋಯ್ತಿದ್ದಿದ್ದು? ಈಗ ಬಲಗಾಲು ಉಜ್ಜಿಕೋತಿದ್ದೀರಲ್ಲ!"

"ಓ! ಹೌದಲ್ವಾ?" ಎಂದು ಗಾಬರಿಯಾಗಿ ನೋಟ್‌ಬುಕ್ಕಿನಲ್ಲಿ 'ಎಡಗಾಲು' ಎಂದು ಬರೆದು ಎರಡು ಗೆರೆ ಎಳೆದರು.

ಅಲ್ಲಿ ನನ್ನ ತಾಳ್ಮೆ ಕೆಟ್ಟಿತು. "ಅಕ್ಕ ಅಲ್ಲಿ ಹಿತ್ತಿಲು ದಾಟದೆ ಕೂತಿದ್ದಾಳೆ. ನೀವು ಇಲ್ಲಿ ಬೆಂಚು ಎಣಿಸ್ತಿದ್ದೀರಲ್ಲ, ನಿಮಗೆ ಏನೂ ಅನ್ನಿಸಲ್ವಾ ಭಾವ?" ಎಂದು ಕೂಗಿಯೇಬಿಟ್ಟೆ. ಪಾರಿವಾಳಗಳೂ ಹಾರಿದವು. ಭಾವ ಕೋಪ ಮಾಡಿಕೊಳ್ಳಲಿಲ್ಲ. ನೋಟ್‌ಬುಕ್ಕನ್ನು ಜೇಬಿಗಿಳಿಸಿ, "ಅಕ್ಕನಿಗೆ ಏನಂತ ಹೇಳ್ತೀಯ?" ಎಂದರು.

"ನಿಮಗೆ ತಲೆ ಕೆಟ್ಟಿದೆ ಅಂತ."

"ಅಷ್ಟೇ ಹೇಳು. ಬೆಂಚಿನ ಸುದ್ದಿ ಮಾತ್ರ ಬೇಡ. ಮಾತು ಕೊಡು."

ಕೊಟ್ಟೆ. ಏಕೆ ಕೊಟ್ಟೆನೋ, ಅವರ ಮುಖ ಹಾಗಿತ್ತು. ಅಕ್ಕನಿಗೆ, "ಮೊಸರನ್ನ ತಿಂದರು, ಗಾಳಿ ಕುಡಿದರು, ಬಂದರು" ಎಂದಷ್ಟೇ ವರದಿ ಒಪ್ಪಿಸಿದೆ.

ಅದಾಗಿ ಮೂರು ತಿಂಗಳಿಗೆ ಅಕ್ಕನ ಕೆಂಪು ಪಾಸ್‌ಪೋರ್ಟ್ ಬಂತು. ಅಂದು ಅವರ ಮನೆಯಲ್ಲೇ ನಮ್ಮ ಊಟ. ಇನ್ನು ಯಾವ ನೆಪ ಹೇಳುತ್ತಾಳೋ ಎಂದು ನಾನು ಕಾದು ಕೂತಿದ್ದರೆ, ಭಾವ ಹುಳಿಯನ್ನಕ್ಕೆ ತುಪ್ಪ ಹಾಕಿಕೊಳ್ಳುತ್ತಾ, "ಬುಧವಾರ ಬೋರ್ಡೋಗೆ ಹೋಗ್ಬೇಕು. ಯಾಕೋ ಇತ್ತೀಚೆಗೆ ಕಾಲು ಬಹಳ ನೋಯ್ತದೆ. ಒಬ್ಬನೇ ಹೋಗೋಕೆ ಧೈರ್ಯ ಸಾಲ್ತಿಲ್ಲ" ಎಂದರು, ಯಾರಿಗೂ ಅಲ್ಲದ ಹಾಗೆ.

"ಕಾಲು ನೋಯ್ತದೆ ಅಂದ್ಮೇಲೆ ಆ ಔಷಧಿ ಹೊಡೆಯೋ ಊರಿಗೆ ಯಾಕ್ರೀ ಹೋಗ್ಬೇಕು?" ಎಂದು ಅಕ್ಕ ಗದರಿಸಿದಳು. ಮಜ್ಜಿಗೆ ಬಡಿಸುವಷ್ಟರಲ್ಲಿ, "ಸರಿ, ನಾನೂ ಬರ್ತೀನಿ. ನಿಮ್ಮನ್ನ ಒಬ್ಬರನ್ನೇ ಕಳಿಸೋಕಾಗತ್ತಾ?" ಎಂದಳು. ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಒಂದು ವರ್ಷ ಬೀರುವಿನಲ್ಲಿದ್ದ ಬೂಟು ಬುಧವಾರ ಹೊರಗೆ ಬಂತು.

ಗುರುವಾರ ಫೋನಿನಲ್ಲಿ ಅಕ್ಕನ ದನಿಯೇ ಬೇರೆ. "ಲೌಂಜಿನಲ್ಲಿ ಟೀ ಕೊಡೋವ್ಳು ನನ್ನ ಕೈ ಹಿಡ್ಕೊಂಡು ಬಿಡ್ಲೇ ಇಲ್ಲ ಕಣೇ! ಆ ನೀರಲ್ಲಿ ಬರಿಗಾಲಲ್ಲಿ ನಡೆದೆ. ನದಿ ಉದ್ದಕ್ಕೂ ನಡೆದೆ. ನಿಮ್ ಭಾವನಿಗೇ ಆಗಲ್ಲ, ಇನ್ನೂರು ಹೆಜ್ಜೆಗೆ ಒಂದ್ಸಲ ಅಯ್ಯೋ ಅಂತ ಕೂತ್ಕೊಂಡ್ರು. ಪಾಪ, ಒಬ್ಬರನ್ನೇ ಕೂರಿಸೋದು ಹೇಗೆ ಅಂತ ನಾನೂ ಕೂತೆ."

ನಾನು ಹೂಂ ಎಂದೆ. ಅಕ್ಕ ದನಿ ತಗ್ಗಿಸಿದಳು.

"ನಾಲ್ಕನೇ ಬೆಂಚಲ್ಲಿ ಬಲಗಾಲು ಉಜ್ಜಿಕೊಂಡ್ರು ಕಣೇ. ಅಲ್ಲೀವರೆಗೂ ಎಡಗಾಲಿತ್ತು. ನನಗೆ ಗೊತ್ತಾಯ್ತು ಅಂತ ಅವರಿಗೆ ಹೇಳ್ಬೇಡ. ಬಹಳ ಕಷ್ಟಪಟ್ಟಿದ್ದಾರೆ."

ಫೋನ್ ಇಟ್ಟು ನಾನು ಅತ್ತುಬಿಟ್ಟೆ. ಬ್ರಸೆಲ್ಸಿನ ಕಲ್ಲು, ಪೋರ್ತೋದ ಮೆಟ್ಟಿಲು, ಮಿಲಾನಿನಲ್ಲಿ ಸಿಗದ ಒರಗು, ಒಂದೊಂದೇ ನೆನಪಾಯಿತು. ಒಂದು ವರ್ಷ ಈ ಮನುಷ್ಯ ಊರೂರು ಅಲೆದು ಹುಡುಕಿದ್ದು ಅಕ್ಕ ನಡೆಯಬಲ್ಲ ಒಂದು ದಾರಿಯನ್ನು. ಅವಳಿಗಿಂತ ಮೊದಲು ತಾವು ಸುಸ್ತಾಗುವುದನ್ನು ಅಭ್ಯಾಸ ಮಾಡಿದ್ದರು. ನಾನು ಅವರ ಮೇಲೆ ಕೂಗಾಡಿದ್ದೆ.

ಆ ಭಾನುವಾರ ಎಲ್ಲರೂ ಡನ್ ಲಿಯರಿಯ ಪಿಯರಿಗೆ ಹೋದೆವು. ಅರ್ಧ ದಾರಿಯಲ್ಲಿ ಆ ಹಳೆಯ ಬೆಂಚು ಹತ್ತಿರವಾದಂತೆ ಭಾವ ಮುಖ ಹಿಂಡಿಕೊಳ್ಳುವುದು ಕಂಡಿತು. ಅವರು ಬಾಯಿ ತೆರೆಯುವ ಮೊದಲೇ ಅಕ್ಕ ಅವರ ತೋಳು ಹಿಡಿದಳು. "ರೀ, ನಿಮಗೆ ಸುಸ್ತಾಗಿದೆ. ಬನ್ನಿ, ಕೂತ್ಕೊಳ್ಳೋಣ."

"ಹೌದು ಕಣೇ. ನಿನಗೆ ಹೆಂಗೆ ಗೊತ್ತಾಯ್ತು?" ಎಂದರು ಭಾವ, ನಿಜಕ್ಕೂ ಆಶ್ಚರ್ಯದಿಂದ.

ಇಬ್ಬರೂ ಕೂತರು. ಭಾವ ನರಳುತ್ತಾ ಬಲಗಾಲು ಉಜ್ಜಿಕೊಳ್ಳತೊಡಗಿದರು. ಅಕ್ಕ ಸಮುದ್ರವನ್ನೇ ನೋಡುತ್ತಾ, ಆ ಕೈಯನ್ನು ಮೆಲ್ಲಗೆ ಎತ್ತಿ ಅವರ ಎಡಗಾಲಿನ ಮೇಲೆ ಇಟ್ಟಳು.