ಬೇಕಾ ಕೋಣೆಯ ಬಾಗಿಲು

ದರ್ಸೊನೊ ಮೇಷ್ಟ್ರ ಎದೆ ಬೆಳಗಿನ ಏಳು ಗಂಟೆಗೇ ಢವಢವ ಹೊಡೆದುಕೊಳ್ಳತೊಡಗಿತು. ಕಾರಣ, ಮುಖ್ಯೋಪಾಧ್ಯಾಯಿನಿ ಮೊಬೈಲಿಗೆ ಕಳಿಸಿದ ಸಂದೇಶ: "ಇವತ್ತು ಒಂದು ಗಂಟೆಗೆ ಮೇಲ್ವಿಚಾರಕರಾದ ಪಾ ಗುನಾದಿ ನಿಮ್ಮ ಕೋಣೆ ನೋಡಲು ಬರುತ್ತಾರೆ. ತಾವಾಗಿ ನೆರವು ಕೇಳಿಕೊಂಡು ಬಂದ ಮಕ್ಕಳ ಪಟ್ಟಿ ಸಿದ್ಧವಿರಲಿ."

ಪಟ್ಟಿ ಸಿದ್ಧವಾಗಿಯೇ ಇತ್ತು. ಅದರಲ್ಲಿ ಗೆರೆಗಳಿದ್ದವು, ಹೆಸರುಗಳಿರಲಿಲ್ಲ.

ಕ್ಲಾತೆನ್‌ನ ಆ ಶಾಲೆಯಲ್ಲಿ ಮಕ್ಕಳ ಮನಸ್ಸಿನ ಕಷ್ಟ ಕೇಳುವ ಕೋಣೆಗೆ ಬಿ.ಕೆ. ಎಂದು ಹೆಸರು. ನಮ್ಮೂರ ಬಾಯಲ್ಲಿ ಆ ಎರಡು ಅಕ್ಷರ 'ಬೇಕಾ' ಎಂದಾಗುತ್ತದೆ. ಬೇಡ ಎನ್ನದ ಮಗು ಶಾಲೆಯಲ್ಲಿ ಒಂದೂ ಇರಲಿಲ್ಲ. ಉದ್ದ ಕೂದಲಿಗೆ ಕತ್ತರಿ ಹಾಕುವುದು, ಮೊಬೈಲ್ ಕಿತ್ತಿಡುವುದು, ತಪ್ಪಿಗೆಲ್ಲ ಪಾಯಿಂಟ್ ಬರೆಯುವುದು ಮೊದಲಿನಿಂದಲೂ ಅಲ್ಲೇ. ನೂರು ಪಾಯಿಂಟ್ ತುಂಬಿದರೆ ಶಾಲೆಯಿಂದ ಆಚೆ. ಈ ವರ್ಷ ಮಾತ್ರ ಮೇಲಿನಿಂದ ಆಜ್ಞೆ ಬಂತು: ಬೈಯಬೇಡಿ, ಕೇಳಿಸಿಕೊಳ್ಳಿ. ಮೇಷ್ಟ್ರು ಗೋಡೆಗೆ ತಿಳಿಹಸಿರು ಬಳಿಸಿದರು, ಕತ್ತರಿ ಬಚ್ಚಿಟ್ಟರು, ಮನೆಯಿಂದ ಎರಡು ದಿಂಬು ತಂದರು. ಆರು ತಿಂಗಳಲ್ಲಿ ಆ ದಿಂಬುಗಳ ಮೇಲೆ ಒಂದು ಬೆಕ್ಕು ಬಿಟ್ಟರೆ ಯಾರೂ ಕೂತಿರಲಿಲ್ಲ. ಇವತ್ತೂ ಪಟ್ಟಿ ಖಾಲಿ ಉಳಿದರೆ ಕೋಣೆಗೆ ಬೀಗ, ಮೇಷ್ಟ್ರಿಗೆ ಬೆಟ್ಟದಾಚೆಯ ಯಾವುದೋ ಶಾಲೆಗೆ ವರ್ಗ.

"ಒಬ್ಬರನ್ನ ಕರೆಸಿಬಿಡಿ ಪಾ," ಎಂದರು ಗಣಿತ ಕಲಿಸುವ ಬು ಎನಿ. ನಮ್ಮಲ್ಲಿ ಗಂಡಸರನ್ನು ಮರ್ಯಾದೆಯಿಂದ 'ಪಾ' ಎಂದೂ ಹೆಂಗಸರನ್ನು 'ಬು' ಎಂದೂ ಕರೆಯುವುದು ರೂಢಿ. ಕೇಳದೆ ಸಲಹೆ ಕೊಡುವುದರಲ್ಲಿ ಅವರದು ಎತ್ತಿದ ಕೈ.

"ಕರೆಸಿದ್ರೆ ತಾನಾಗಿ ಬಂದ ಹಾಗೆ ಹೇಗಾಗುತ್ತೆ ಬು?"

"ನಡ್ಕೊಂಡು ಬರೋದು ತಾನಾಗೇ ತಾನೇ?"

ಎಂಟನೇ ತರಗತಿಯ ಸೆಕಾರ್ ಎಂಬ ಹುಡುಗಿ ಕೆಲವು ದಿನಗಳಿಂದ ಮಂಕಾಗಿದ್ದುದು ಮೇಷ್ಟ್ರಿಗೆ ನೆನಪಾಯಿತು. ಮೆಲ್ಲಗೆ ಹೋಗಿ ಮಾತಾಡಿಸೋಣ ಎಂದು ಅವರು ಏಳುವಷ್ಟರಲ್ಲಿ ಬು ಎನಿ ಮೈಕು ಹಿಡಿದಾಗಿತ್ತು. "ಎಂಟನೇ ಕ್ಲಾಸಿನ ಸೆಕಾರ್, ತಕ್ಷಣ ಬೇಕಾ ಕೋಣೆಗೆ!" ಇಡೀ ಶಾಲೆ ಓ ಎಂದು ಕೂಗಿತು.

ಸೆಕಾರ್ ಬಿಳಿಚಿಕೊಂಡು ಬಂದು ಬಾಗಿಲಲ್ಲೇ ನಿಂತಳು.

"ಕೂತ್ಕೋ ಮಗಳೇ."

"ಮೊಬೈಲು ಅನ್ನದ ಡಬ್ಬೀಲಿದೆ ಪಾ."

"ನಾನು ಅದನ್ನ ಕೇಳಲಿಲ್ಲಮ್ಮ. ಸುಮ್ನೆ, ಹೇಗಿದ್ದೀಯ ಅಂತ..."

"ಬು ಎನಿ ಕುರ್ಚಿಗೆ ಗೋಂದು ಹಚ್ಚಿದ್ದೂ ನಾನೇ."

ಬಾಗಿಲ ಹಿಂದಿನಿಂದ "ಅಬ್ಬಾ, ಇವಳಾ!" ಎಂಬ ಹೆಂಗಸಿನ ದನಿ ಕೇಳಿತು.

"ಇನ್ನೂ ಹೇಳ್ಬೇಕಾ ಪಾ?"

"ಬೇಡಮ್ಮ, ಬೇಡ!"

ಅರ್ಧ ಗಂಟೆಯಲ್ಲಿ ಸೆಕಾರಳ ತಾಯಿ ಬಂದಿಳಿದರು, ನಾಲ್ಕು ಮಂದಿ ನೆರೆಯ ಹೆಂಗಸರು ಮತ್ತು ಒಂದು ಬಾಳೆಗೊನೆ ಸಮೇತ. ತರಗತಿಯಿಂದ ಹೊರಟ ಸುದ್ದಿ ಸಂತೆ ಮುಟ್ಟುವಾಗ, ಹುಡುಗಿಯನ್ನು ಶಾಲೆಯಿಂದ ಓಡಿಸಿದರು ಎಂದಾಗಿತ್ತು. ತಾಯಿ ದಿಂಬಿನ ಮೇಲೆ ಕುಸಿದು ಅಳತೊಡಗಿದರು.

"ಏನೂ ಮಾಡಿಲ್ಲಮ್ಮ ಅವಳು," ಎಂದರು ಮೇಷ್ಟ್ರು.

"ಏನೂ ಮಾಡ್ದೆ ಬೇಕಾ ಕೋಣೆಗೆ ಕರೀತಾರಾ?" ನೆರೆಯಾಕೆ ಕಣ್ಣು ಕಿರಿದಾಗಿಸಿದಳು. "ನಮ್ಮ ಹತ್ರ ಮುಚ್ಚಿಡ್ಬೇಡಿ ಪಾ. ನಾವೇನು ಹೊರಗಿನವರಾ?"

ಗಲಾಟೆಗೆ ಮುಖ್ಯೋಪಾಧ್ಯಾಯಿನಿಯೇ ಎದ್ದು ಬಂದರು. "ಏನ್ರೀ ಇದು? ಕಷ್ಟ ಕೇಳ್ರೀ ಅಂದ್ರೆ ಊರನ್ನೇ ಅಳಿಸ್ತಾ ಇದ್ದೀರಲ್ಲ! ಗಂಟೆ ಹನ್ನೆರಡಾಯ್ತು. ಪಟ್ಟಿ ಎಲ್ಲಿ?"

ಮೇಷ್ಟ್ರ ಕೈಕಾಲು ತಣ್ಣಗಾದವು. ಹಣೆಯಲ್ಲಿ ಬೆವರೊಡೆಯಿತು. ಅಳುತ್ತಿದ್ದ ತಾಯಿಯೇ ಅಳು ನಿಲ್ಲಿಸಿ ಅವರ ಮುಖ ನೋಡಿದರು. "ಅಯ್ಯೋ, ಮೇಷ್ಟ್ರಿಗೆ ಗಾಳಿ ಹೊಕ್ಕಿದೆ!"

ನಮ್ಮಲ್ಲಿ ತಲೆನೋವು, ಪರೀಕ್ಷೆಯ ಭಯ, ಮುರಿದ ಮನಸ್ಸು, ಎಲ್ಲವೂ ಗಾಳಿ ಹೊಕ್ಕಿದ್ದೇ. ಮದ್ದೂ ಒಂದೇ: ಬೆನ್ನಿಗೆ ಎಣ್ಣೆ ಸವರಿ, ಹಳೆಯ ನಾಣ್ಯದಿಂದ ಕೆಂಪು ಪಟ್ಟೆ ಮೂಡುವ ತನಕ ಕೆರೆಯುವುದು. ಆ ಕೆಲಸದಲ್ಲಿ, ಕ್ಯಾಂಟೀನಿನಲ್ಲಿ ಸೋಯಾಕಾಳಿನ ಟೆಂಪೆ ಬಿಲ್ಲೆ ಕರಿದು ಮಾರುವ ಪಾರ್ತಿ ಅಜ್ಜಿಯನ್ನು ಮೀರಿಸುವವರಿರಲಿಲ್ಲ. ಐದೂ ಹೆಂಗಸರು ಸೇರಿ ಮೇಷ್ಟ್ರನ್ನು ಅಲ್ಲಿಗೆ ತಳ್ಳಿಕೊಂಡು ಹೋಗಿ ಬಿಟ್ಟರು.

ಕ್ಯಾಂಟೀನಿನ ಹಿಂದೆ ಎರಡು ಬೆಂಚು. ಒಂದರ ಮೇಲೆ ಯಾರೋ ಗಂಡಸು ತಲೆಗೆ ಟವೆಲ್ ಮುಚ್ಚಿ ಬೋರಲು ಮಲಗಿದ್ದ. ಬೆನ್ನ ತುಂಬ ಕೆಂಪು ಪಟ್ಟೆ. ಯಾವುದೋ ಮಗುವಿನ ಅಪ್ಪನಿರಬೇಕು ಎಂದುಕೊಂಡ ಮೇಷ್ಟ್ರು ಅಂಗಿ ಕಳಚಿ ಇನ್ನೊಂದರ ಮೇಲೆ ಮಲಗಿದರು.

"ಉಸಿರು ಬಿಡು. ಏನಾಯ್ತು, ಹೇಳು," ಎಂದಳು ಅಜ್ಜಿ, ನಾಣ್ಯ ಎಳೆಯುತ್ತ.

ಉಸಿರಿನ ಜೊತೆ ಮಾತೂ ಹೊರಬಂತು. "ಆರು ತಿಂಗಳಿಂದ ಒಂದು ಮಗೂನೂ ಬಂದಿಲ್ಲ ಅಜ್ಜಿ. ಆ ಗುನಾದಿ ಬರ್ತಿದಾನಂತೆ, ಹೆಸರು ಕೇಳಿದ್ರೇ ಹೊಟ್ಟೆ ತೊಳಸುತ್ತೆ. ಮಕ್ಕಳಿಗೆ ನನ್ನ ಕಂಡ್ರೆ ಭಯ. ಈಗೀಗ ನಂಗೇ ಆ ಕೋಣೆ ಕಂಡ್ರೆ ಭಯ." ಹೇಳುತ್ತ ಹೇಳುತ್ತ ಅತ್ತೇಬಿಟ್ಟರು. ಎದೆ ಎಷ್ಟೋ ಹಗುರಾಯಿತು. "ನಿಮ್ಮ ಹತ್ರ ಎಷ್ಟು ಮಕ್ಕಳು ಬರ್ತಾರೆ ಅಜ್ಜಿ?"

"ದಿನಾ ಏಳೆಂಟು. ಬೋರಲು ಮಲಗಿದ್ರೆ ಯಾರ ಮುಖಾನೂ ನೋಡೋ ಹಾಗಿಲ್ವಲ್ಲ, ಎಲ್ಲಾ ಹೇಳ್ಕೋತಾವೆ. ಯಾರು, ಏನು ಅಂತ ಮಾತ್ರ ಕೇಳ್ಬೇಡ. ಅದು ನನ್ನ ಕೈಗೂ ಅವರ ಬೆನ್ನಿಗೂ ಬಿಟ್ಟಿದ್ದು."

ಪಕ್ಕದ ಬೆಂಚಿನ ಟವೆಲ್ ಮೆಲ್ಲಗೆ ಮೇಲೆದ್ದಿತು.

"ಗುನಾದಿ ನಾನೇ," ಎಂದಿತು ಅದರೊಳಗಿನ ಮುಖ. "ನಾಳೆ ನನ್ನ ಮೇಲಿನವರು ಬರ್ತಿದಾರೆ. ನಂಗೂ ಹೊಟ್ಟೆ ತೊಳಸ್ತಿತ್ತು. ಅದಕ್ಕೇ ಬೇಗ ಬಂದೆ."

ಮೇಷ್ಟ್ರಿಗೆ ಹೊರಟುಹೋಗಿದ್ದ ಗಾಳಿಯೆಲ್ಲ ಒಂದೇ ಸಲ ವಾಪಸು ಹೊಕ್ಕಿತು.

ಗುನಾದಿ ಅಂಗಿ ತೊಟ್ಟು ಗುಂಡಿ ಹಾಕಿಕೊಂಡರು. "ಹೆದರ್ಬೇಡಿ. ಕೋಣೆ ಮುಚ್ಚಲ್ಲ, ನಿಮ್ಮನ್ನ ಬೆಟ್ಟಕ್ಕೂ ಕಳಿಸಲ್ಲ."

ಮೇಷ್ಟ್ರು ಅವರ ಎರಡೂ ಕೈ ಹಿಡಿದುಕೊಂಡರು.

"ಆದ್ರೆ ಮಕ್ಕಳು ನಂಬಿರೋದು ಅಜ್ಜೀನ. ಇವತ್ತಿಂದ ಬೇಕಾ ಕೋಣೇಲಿ ಅವರೇ ಕೂರ್ಲಿ."

ಅಷ್ಟರಲ್ಲಿ ಓಡಿಬಂದ ಮುಖ್ಯೋಪಾಧ್ಯಾಯಿನಿ ಏದುಸಿರಿನಲ್ಲೇ ಕೇಳಿದರು: "ಹಾಗಾದ್ರೆ ಇಲ್ಲಿ ಟೆಂಪೆ ಕರಿಯೋರು ಯಾರು?"

ಎಲ್ಲರೂ ಮೇಷ್ಟ್ರ ಕಡೆ ತಿರುಗಿದರು.

ಮಧ್ಯಾಹ್ನದ ಬಿಡುವಿನಲ್ಲಿ ಬೇಕಾ ಕೋಣೆಯ ಮುಂದೆ ಸಾಲು ನಿಂತಿತ್ತು. ಆ ಸಾಲಿಗೆ ಹೊರಟಿದ್ದ ಸೆಕಾರ್ ಕ್ಯಾಂಟೀನಿನ ಹತ್ತಿರ ಗಕ್ಕನೆ ನಿಂತಳು. ಒಳಗೆ ದರ್ಸೊನೊ ಮೇಷ್ಟ್ರು ಅಜ್ಜಿಯ ಹೂವಿನ ಏಪ್ರನ್ ಕಟ್ಟಿಕೊಂಡು, ಬಾಣಲೆಯ ಮುಂದೆ ಬೆವರು ಸುರಿಸುತ್ತಿದ್ದರು.

ಅವಳು ಆಚೀಚೆ ನೋಡಿ ಹತ್ತಿರ ಬಂದಳು. ಪಾಪ ಎನ್ನಿಸಿ ದನಿ ತಗ್ಗಿಸಿದಳು.

"ಪಾ, ನಿಮಗೆ ಎಷ್ಟು ಪಾಯಿಂಟ್ ಬಿತ್ತು?"